ಕಸೂತಿಯ ಒಳಮೈ

ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ; ಎಳೆ ಎಣಿಸುತ್ತಲೇ ಗೋಪುರ, ತೇರು, ತುಳಸಿಕಟ್ಟೆ ಮೂಡಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಚಿಂತನೆಗೆ ಹೆಚ್ಚು ಇಂಬು ಕೊಡುವುದು ಗವಂತಿ. ಹೋಗುವಾಗ ಸೂಜಿ ಒಂದು ಜಾಗ ತುಂಬಿ ಮುಂದಿನದನ್ನು ಬಿಡುತ್ತದೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಆಗ ಕಾಣುವುದು ಕೆಂಪು ದಾರದ ಬಿಡಿಬಿಡಿ ಗೆರೆಗಳಷ್ಟೇ. ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳು ತುಂಬಿ ರೇಖೆ ಕೂಡಿಕೊಳ್ಳುತ್ತದೆ. ಗಂಟು ಹಾಕುವಂತಿಲ್ಲ; ಮೇಲ್ಮೈಯಂತೆಯೇ ಒಳಮೈಯೂ ಇರಬೇಕು. ಒಂದೆಳೆ ಎಣಿಕೆ ತಪ್ಪಿದರೂ ತೇರು ಓರೆಯಾಗುತ್ತದೆ, ಬಿಚ್ಚಿ ಮತ್ತೆ ಹೊಲಿಯಬೇಕು.

ಯಾರ ಕಣ್ಣಿಗೂ ಬೀಳದ ಬದಿಗೆ ಇಷ್ಟು ನಿಷ್ಠೆ ಏಕೆ? 12ನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಪೂಜೆಗೆ ಸರಿಗಟ್ಟಿದರು. ಸೂಜಿಕಾಯಕದ ರಾಮಿತಂದೆ ಅವರಲ್ಲೊಬ್ಬ. ಶರಣರ ದೃಷ್ಟಿಯಲ್ಲಿ ಒಳಗೂ ಹೊರಗೂ ಒಂದೇ ಆಗಿರುವುದೇ ಶುದ್ಧಿ. ಕಸೂತಿಗೂ ಶರಣರಿಗೂ ನೇರ ನಂಟಿದೆ ಎನ್ನಬೇಕಿಲ್ಲ, ಆದರೆ ಈ ಹೊಲಿಗೆಯನ್ನು ಅರಿಯಲು ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ.

ಹಳೆಯ ವಿನ್ಯಾಸವನ್ನೇ ಮತ್ತೆ ಹೊಲಿಯುವುದು ಸೃಜನವೇ ಎಂಬ ಪ್ರಶ್ನೆಯೂ ಏಳುತ್ತದೆ. ನಿಜಕ್ಕೂ ಸೃಜನವೇ. ಅಜ್ಜಿ ಹೊಲಿದ ಗೋಪುರವೇ ಆದರೂ ಎಷ್ಟನೆಯ ಎಳೆಗೆ ತಿರುಗಬೇಕು, ಹಳದಿಯ ಪಕ್ಕ ಯಾವ ಬಣ್ಣ ಬರಬೇಕು, ಹೋದ ಸೂಜಿ ಯಾವ ಕವಲಿನಿಂದ ಮರಳಬೇಕು ಎಂಬುದನ್ನು ಪ್ರತಿ ಸಲವೂ ಹೊಲಿಯುವ ಕೈಯೇ ನಿರ್ಧರಿಸುತ್ತದೆ.