ಪಾಪ ಹೊರುವವರು ಯಾರು?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ತಂಗಿಗೆ ಸರಿಯಾಗಿ ತಿಳಿಸದೆ ಸಹಿ ಮಾಡಿಸಿಕೊಂಡು, ಆಕೆಯ ಪಾಲಿನ ಹೊಲ ನನ್ನ ಹೆಸರಿಗೆ ಮಾಡಿಕೊಂಡೆ. ಈಗ ರಾತ್ರಿ ನಿದ್ದೆ ಇಲ್ಲ. ಬನಶಂಕರಿಯಲ್ಲಿ ಪ್ರಾಯಶ್ಚಿತ್ತ ಹೋಮ ಮಾಡಿಸಬೇಕೆಂದಿದ್ದೇನೆ. ಜೊತೆಗೆ ಮಗ್ಗದ ಕೆಲಸ ಮಾಡುವ ಕ್ರೈಸ್ತ ಗೆಳೆಯ, ‘ಯೇಸುಸ್ವಾಮಿ ನಮ್ಮ ಪಾಪ ಹೊತ್ತಾನ, ಹೋಮ ಯಾಕ?’ ಅಂತಾನೆ. ಯಾವುದು ಸರಿ?
– ಒಬ್ಬ ಓದುಗರು, ಗುಳೇದಗುಡ್ಡ

ಉತ್ತರ: ಎರಡು ಪ್ರಶ್ನೆ ಕೂಡಿಸಿ ಕೇಳಿದ್ದೀರಿ, ಬಿಡಿಸಿ ನೋಡೋಣ.

ಗೆಳೆಯರ ಮಾತನ್ನು ಅರ್ಧ ಕೇಳಿ ಹಗುರ ಮಾಡಬೇಡಿ. ಅಡವಿಟ್ಟ ಬಂಗಾರ ಬಿಡಿಸಿಕೊಳ್ಳಲಾರದವನಿಗೆ ಇನ್ನೊಬ್ಬರು ಹಣ ಕಟ್ಟಿ ಬಿಡಿಸಿ ಕೊಡ್ತಾರಲ್ಲ, ಅದೇ ಅವರ ‘ವಿಮೋಚನೆ’. ಮನುಷ್ಯ ತೀರಿಸಲಾರದ ಪಾಪದ ಋಣವನ್ನು ಯೇಸು ಶಿಲುಬೆಯ ಮೇಲೆ ಪ್ರಾಣ ಕೊಟ್ಟು ತೀರಿಸಿದ, ರಕ್ಷಣೆ ಸಿಗುವುದು ಕೃಪೆಯಿಂದ, ನಮ್ಮ ಪುಣ್ಯದಿಂದಲ್ಲ ಎಂಬುದು ಅವರ ನಂಬಿಕೆ. ಈ ಚರ್ಚೆ ನಮ್ಮ ಸೀಮೆಗೆ ಹೊಸದೂ ಅಲ್ಲ. ನಿಮ್ಮ ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ 19ನೇ ಶತಮಾನದಲ್ಲೇ ಬಂದಿತ್ತು. ಆ ಮಿಷನ್ನಿನವರೇ ಆದ, ನಿಘಂಟಿನ ಕಿಟ್ಟೆಲ್ಲರು 1872ರಲ್ಲಿ ಯಜ್ಞವನ್ನೇ ವಿಷಯವಾಗಿಟ್ಟುಕೊಂಡು ‘ಯಜ್ಞಸುಧಾನಿಧಿ’ ಬರೆದರು.

ಹಾಗಂತ ತಪ್ಪು ಮಾಡಿದವನು ಕೈ ತೊಳೆದುಕೊಂಡು ಕೂತುಬಿಡಬಹುದೇ? ಅವರ ಗ್ರಂಥ ಹಾಗೆ ಹೇಳೋದಿಲ್ಲ. ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಜಕ್ಕಾಯ ಎಂಬ ಸುಂಕದವನಿದ್ದಾನೆ. ಅವನು ಏನೂ ಕೊಡುವ ಮೊದಲೇ ಯೇಸು ತಾನಾಗಿ ಅವನ ಮನೆಗೆ ಬರುತ್ತೇನೆಂದ. ಆಮೇಲೆ ಜಕ್ಕಾಯ, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಮೋಸದಿಂದ ತಗೊಂಡದ್ದನ್ನು ನಾಲ್ಕು ಪಟ್ಟು ತಿರುಗಿ ಕೊಡುತ್ತೇನೆ ಅಂದ. ಕೃಪೆ ಮೊದಲು ಬಂತು ನಿಜ, ಆದರೆ ಕೊಡೋದು ಉಳಿಯಲಿಲ್ಲ. ಹೀಗೆ ಮನಸ್ಸು ತಿರುಗುವುದಕ್ಕೆ ಅವರು ‘ಮಾನಸಾಂತರ’ ಅಂತಾರೆ. ಅಲ್ಲಿಂದ ದಿನದಿನವೂ ನಡತೆ ತಿದ್ದಿಕೊಳ್ಳೋದೇ ಆತ್ಮದ ಬೆಳವಣಿಗೆ.

ಇನ್ನು ಹೋಮದ ಮಾತು. ಪ್ರಾಯಶ್ಚಿತ್ತ ಹೇಳುವ ಮನುಸ್ಮೃತಿಯ 11ನೇ ಅಧ್ಯಾಯ ತೆಗೆದು ನೋಡಿ. ಕದ್ದವನು ಕದ್ದದ್ದನ್ನು ಹಿಂದಿರುಗಿಸಿ ಕೃಚ್ಛ್ರ ವ್ರತ ಮಾಡಬೇಕು. ಪಾಪ ಕಳೆಯುವ ಸಾಧನಗಳಲ್ಲಿ ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದೂ ಪಶ್ಚಾತ್ತಾಪವೂ ಸೇರಿವೆ. ಪಾಪಕ್ಷಯಕ್ಕೆಂದು ನೀರು ಬಿಟ್ಟು ಸಂಕಲ್ಪ ಮಾಡ್ತೀರಿ, ಹೊಲದ ಉತಾರ ಮಾತ್ರ ನಿಮ್ಮ ಹೆಸರಲ್ಲೇ ಇರ್ತದೆ. ಆ ಸಂಕಲ್ಪಕ್ಕೆ ಏನು ಅರ್ಥ?

ಎರಡು ಮತಗಳೂ ಒಂದೇ ಅಂತ ನಾನು ಹೇಳೋದಿಲ್ಲ. ಮಾಡಿದ್ದನ್ನು ಮಾಡಿದವನೇ ಉಣ್ಣಬೇಕೆಂಬುದು ನಮ್ಮ ಕರ್ಮಸಿದ್ಧಾಂತ. ಇನ್ನೊಬ್ಬ ಹೊತ್ತ ಎಂಬುದು ಅವರ ವಿಶ್ವಾಸ. ನಮ್ಮಲ್ಲೂ ಶ್ರೀವೈಷ್ಣವರು, ಮಂಗನ ಮರಿಯಂತೆ ನಾವೇ ತಾಯಿಯನ್ನು ಹಿಡಿಯಬೇಕೋ, ಬೆಕ್ಕಿನ ಮರಿಯಂತೆ ಆಕೆಯೇ ಕಚ್ಚಿ ಒಯ್ಯುವಳೋ ಎಂದು ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಆ ವಾದ ನಡೆಯಲಿ. ತಂಗಿಯ ಹೊಲದ ವಿಷಯದಲ್ಲಿ ಯಾವ ಶಾಸ್ತ್ರಕ್ಕೂ ವಾದವಿಲ್ಲ.

ಆದ್ದರಿಂದ ಬನದ ಹುಣ್ಣಿಮೆಗೆ ಮೊದಲು ತಂಗಿಯ ಮನೆಗೆ ಹೋಗಿ. ನಡೆದದ್ದನ್ನು ಆಕೆಯ ಎದುರೇ ಹೇಳಿ. ಹೊಲ ಆಕೆಯ ಹೆಸರಿಗೆ ಮಾಡಿಸಿ, ನಾಲ್ಕು ವರ್ಷದ ಪೀಕಿನ ಲೆಕ್ಕವನ್ನೂ ಕೊಡಿ. ಆಕೆ ಕ್ಷಮಿಸಲಿ, ಬಿಡಲಿ, ಹೊಲ ಆಕೆಯದು. ಆಮೇಲೆ ಹರಿದ್ರಾತೀರ್ಥದಲ್ಲಿ ಮಿಂದು ತಾಯಿಯ ಮುಂದೆ ನಿಲ್ಲಿ. ಹೋಮಕ್ಕೆ ಅನುಕೂಲ ಇಲ್ಲದಿದ್ದರೆ ಒಂದು ಕಾಯಿ, ಕುಂಕುಮಾರ್ಚನೆ ಸಾಕು. ನಿಮ್ಮ ಗೆಳೆಯರಿಗೂ ಈ ಸುದ್ದಿ ತಿಳಿಸಿ, ಸಂತೋಷಪಡ್ತಾರೆ.