ಹೆಜ್ಜೆಯ ಲೆಕ್ಕ ಯಾರಿಗೆ?

ಕಳೆದ ಯುಗಾದಿಯ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಮುಂದಿದ್ದ ಮಿತ್ರರೊಬ್ಬರು ಮಣಿಕಟ್ಟು ನೋಡಿಕೊಂಡು, "ಇನ್ನೂ ಎಂಟುನೂರು ಹೆಜ್ಜೆ ಬಾಕಿ ಇದೆ ಡಾಕ್ಟ್ರೇ, ಹೋಳಿಗೆ ಆಮೇಲೆ" ಎಂದು ಹೇಳಿ ಸಭಾಂಗಣದ ಸುತ್ತ ನಡೆಯಲು ಹೊರಟೇಬಿಟ್ಟರು. ಅವರು ಸುತ್ತು ಮುಗಿಸಿ ಬರುವಷ್ಟರಲ್ಲಿ ಹೋಳಿಗೆ ಖಾಲಿಯಾಗಿತ್ತು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಆ ನಗು ಉಳಿಯಲಿಲ್ಲ. ಏಕೆಂದರೆ ಅದರ ಹಿಂದಿನ ವರ್ಷ, ನಾವು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಇಂಥದೇ ಹೆಜ್ಜೆ ಎಣಿಸುವ ಸ್ಪರ್ಧೆಯೊಂದನ್ನು ಮುಂದೆ ನಿಂತು ನಡೆಸಿದವರು ನಾವೇ. ಅದರಲ್ಲಿ ನಮ್ಮಿಂದ ಎರಡು ತಪ್ಪುಗಳಾದವು. ಅಂದಿನಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ: ಅವರ ಒಳ್ಳೆಯದಕ್ಕೇ ಆದರೂ, ಇನ್ನೊಬ್ಬರ ಹೆಜ್ಜೆಯ ಲೆಕ್ಕ ಕೇಳುವ ಹಕ್ಕು ನಮಗಿದೆಯೆ?

ಸ್ಪರ್ಧೆ ಹೂಡಿದ್ದೇಕೆ ಎಂಬುದನ್ನು ಮೊದಲು ಹೇಳಬೇಕು. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು ತರಬೇತಿ ಪಡೆದ ನಾವು ಸಕ್ಕರೆ ಕಾಯಿಲೆಯವರನ್ನು ನೋಡುತ್ತಲೇ ತಲೆ ನರೆಸಿಕೊಂಡವರು. ನಮ್ಮ ಜನಕ್ಕೆ ಈ ಕಾಯಿಲೆ ಇಲ್ಲಿಯ ಬಿಳಿಯರಿಗಿಂತ ಕಡಿಮೆ ತೂಕದಲ್ಲೇ, ಚಿಕ್ಕ ವಯಸ್ಸಿನಲ್ಲೇ ಅಂಟಿಕೊಳ್ಳುತ್ತದೆ. ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿ.ಎಂ.ಐ. ಎಂಬ ಅಂಕಿ ಇತರರಿಗೆ 25 ದಾಟಿದರೆ ಎಚ್ಚರಿಕೆ. ದಕ್ಷಿಣ ಏಷ್ಯಾದವರಿಗೆ 23ಕ್ಕೇ ಎಚ್ಚರಿಕೆಯ ಗಂಟೆ ಬಾರಿಸಬೇಕೆಂದು 2013ರಲ್ಲಿ ಇಲ್ಲಿಯ 'ನೈಸ್' ಸಂಸ್ಥೆ ಸಲಹೆ ಕೊಟ್ಟಿತು. ಕಿಂಗ್ಸ್‌ಬರಿ ರೋಡಿನಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಈ ಸಲಹೆ ಯಾರಿಗಾಗಿ ಎಂಬುದು ತಿಳಿಯುತ್ತದೆ. ಮಿಠಾಯಿ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಮೂರು ಸುತ್ತು ಹಾಕುವವರಲ್ಲಿ ನಾವೂ ಒಬ್ಬರು.

ನಡಿಗೆಯಿಂದ ಹೃದಯಕ್ಕೆ ಹಿತ ಎಂಬ ಅರಿವಿಗೆ ಲಂಡನ್ ಒಂದು ರೀತಿಯಲ್ಲಿ ತವರುಮನೆ. ಜೆರಿ ಮಾರಿಸ್ ಎಂಬ ವೈದ್ಯರು ಇಲ್ಲಿಯ ಎರಡು ಅಂತಸ್ತಿನ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ದಿನವಿಡೀ ಕೂತಿರುವ ಚಾಲಕರಿಗಿಂತ, ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಎಂಬುದು ಅವರು ಕಂಡುಕೊಂಡ ಸಂಗತಿ. ಮಾರಿಸರು 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ. ಇಂಥ ಊರಿನಲ್ಲಿದ್ದು ಮೇಜಿಗಂಟಿಕೊಂಡ ನಮ್ಮ ಸಹೋದ್ಯೋಗಿಗಳನ್ನು ಎಬ್ಬಿಸದಿದ್ದರೆ ಹೇಗೆ ಎಂದು ನಮಗೆ ಅನಿಸಿತು.

ಐದೈದು ಜನರ ತಂಡ, ಆರು ವಾರಗಳ ಅವಧಿ, ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿ. ಎಲ್ಲರೂ ಫೋನಿನಲ್ಲೋ ಕೈಪಟ್ಟಿಯಲ್ಲೋ ಒಂದೇ ಆ್ಯಪ್ ಹಾಕಿಕೊಳ್ಳಬೇಕು. ಪ್ರತಿ ಸೋಮವಾರ ಕ್ಯಾಂಟೀನಿನ ಹೊರಗಿನ ಫಲಕದಲ್ಲಿ ಹೆಸರು, ಅಂಕಿ, ಸ್ಥಾನ. ವಾಟ್ಸ್ಆ್ಯಪ್ ಗುಂಪಿನಲ್ಲಿ ಚಪ್ಪಾಳೆ, ಕೀಟಲೆ. ಮೊದಲ ವಾರ ಇಡೀ ವಿಭಾಗವೇ ಜಾತ್ರೆಯಂತಾಯಿತು. ಲಿಫ್ಟಿನ ಮುಂದೆ ಜನವೇ ಇರಲಿಲ್ಲ.

ಹತ್ತು ಸಾವಿರ ಎಂಬ ಆ ಅಂಕಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ವೈದ್ಯರಾದ ನಾವೇ ಹೇಳಬೇಕಾಗಿತ್ತು. 1964ರ ಟೋಕಿಯೋ ಒಲಿಂಪಿಕ್ಸಿನ ಮರುವರ್ಷ ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ತಂದು, ಅದಕ್ಕೆ 'ಮಾಂಪೊ-ಕೇ' ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅರ್ಥ. ಅಂಕಿ ಹುಟ್ಟಿದ್ದು ಮಾರಾಟದ ಹೆಸರಾಗಿ, ಸಂಶೋಧನೆ ಬಂದದ್ದು ಬಹಳ ಆಮೇಲೆ. ಸರಾಸರಿ 72 ವಯಸ್ಸಿನ ಸುಮಾರು 17 ಸಾವಿರ ಅಮೆರಿಕನ್ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಿಗೇ ಸಾವಿನ ಅಪಾಯ ಗಣನೀಯವಾಗಿ ಇಳಿದಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 2022ರಲ್ಲಿ 15 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅರವತ್ತು ದಾಟಿದವರಿಗೆ 6,000ದಿಂದ 8,000 ಸಾಕೆಂದು ಕಂಡಿತು. ಆದರೂ ಫಲಕದ ಮೇಲೆ ನಾವು ಬರೆಸಿದ್ದು ಹತ್ತು ಸಾವಿರವೇ. ಗುಂಡು ಸಂಖ್ಯೆ, ನೋಡಲು ಚೆಂದ!

ಈಗ ಮೊದಲನೆಯ ತಪ್ಪು. ನಮ್ಮಲ್ಲಿ ರೋಗಿಗಳನ್ನು ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ಟ್ರಾಲಿಯಲ್ಲಿ ತಳ್ಳಿಕೊಂಡು ಹೋಗುವ ಪೋರ್ಟರ್ ಒಬ್ಬರಿದ್ದಾರೆ. ಗುಜರಾತಿನವರು, ವಯಸ್ಸು ನಮಗಿಂತ ಮೂರು ನಾಲ್ಕು ವರ್ಷ ಹೆಚ್ಚು. ಪಾಳಿ ಶುರುವಾದ ಗಳಿಗೆಯಿಂದ ಮುಗಿಯುವವರೆಗೆ ಅವರ ಕಾಲಿಗೆ ಬಿಡುವಿಲ್ಲ. ಮಗಳು ಕೊಡಿಸಿದ ಕೈಪಟ್ಟಿ ಕಟ್ಟಿಕೊಂಡು ಉತ್ಸಾಹದಿಂದ ಸೇರಿದರು. ಎರಡನೆಯ ಸೋಮವಾರ ಫಲಕದಲ್ಲಿ ಅವರ ಹೆಸರು ತೀರಾ ಕೆಳಗಿತ್ತು. ಮೇಲಿದ್ದವರು ಸಂಜೆ ನಾಯಿ ಕರೆದುಕೊಂಡು ಬಾರ್ನ್ ಹಿಲ್ ಹತ್ತುವ ಆಡಳಿತಾಧಿಕಾರಿಯೊಬ್ಬರು.

ಕಾರಣ ಸರಳ. ಕೈಪಟ್ಟಿ ಕಾಲನ್ನು ನೋಡುವುದಿಲ್ಲ. ಕೈ ಬೀಸುವುದನ್ನು ಗಮನಿಸಿ ಹೆಜ್ಜೆ ಇರಬೇಕೆಂದು ಊಹಿಸುತ್ತದೆ. ಎರಡೂ ಕೈ ಟ್ರಾಲಿಯ ಹಿಡಿಯ ಮೇಲಿದ್ದರೆ ಅದರ ಪಾಲಿಗೆ ಮನುಷ್ಯ ನಿಂತೇ ಇದ್ದಾನೆ. ಅದೇ ಭಜನೆಯಲ್ಲಿ ಕೂತು ತಾಳ ಹಾಕಿದರೆ ಒಂದಷ್ಟು ಹೆಜ್ಜೆ ಜಮಾ! ನರ್ಸುಗಳ ಗತಿಯೂ ಅಷ್ಟೆ. ರೋಗಿಯನ್ನು ಮುಟ್ಟುವವರು ಮೊಣಕೈಯಿಂದ ಕೆಳಗೆ ಗಡಿಯಾರವನ್ನೂ ತೊಡಬಾರದೆಂದು 2007ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆ ಗೊತ್ತುಮಾಡಿತು. ಸೋಂಕು ಹರಡಬಾರದೆಂಬ ಉದ್ದೇಶ. ಹಾಗಾಗಿ ದಿನವಿಡೀ ಓಡಾಡುವ ನರ್ಸಿನ ಕೈಪಟ್ಟಿ ಲಾಕರಿನಲ್ಲಿ ಮಲಗಿರುತ್ತದೆ. ಒಟ್ಟಿನಲ್ಲಿ, ಹೆಚ್ಚು ನಡೆಯುವವರು ಪಟ್ಟಿಯಲ್ಲಿ ಸೋಮಾರಿಗಳಾದರು.

ಇದು ಯಂತ್ರದ ದೋಷ, ಸರಿಪಡಿಸಬಹುದು ಎಂದುಕೊಂಡು ಆ ಪೋರ್ಟರ್ ಬಳಿ ಹೋಗಿ, "ಭಾಯಿ, ಫೋನನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಳ್ಳಿ, ಲೆಕ್ಕ ಸರಿಹೋಗುತ್ತದೆ" ಎಂದೆವು. ಅವರು ನಕ್ಕು, "ಡಾಕ್ಟರ್ ಸಾಹೇಬರೇ, ಲೆಕ್ಕ ಸರಿಯಾದರೆ ನನಗೇನು ಸಿಗುತ್ತದೆ? ಎಕ್ಸ್‌ರೇ ಕೋಣೆಯ ಹೊರಗೆ ಒಂದು ಕುರ್ಚಿ ಹಾಕಿಸಿಕೊಡಿ" ಎಂದರು. ಅವರಿಗೆ ಬೇಕಾಗಿದ್ದು ಇನ್ನಷ್ಟು ಹೆಜ್ಜೆಗಳಲ್ಲ, ಕೂರಲು ಎರಡು ನಿಮಿಷ. ವೈದ್ಯಶಾಸ್ತ್ರವೂ ಅವರ ಪರವೇ. ಬಿಡುವಿನಲ್ಲಿ ಮಾಡುವ ವ್ಯಾಯಾಮ ಹೃದಯವನ್ನು ಕಾಪಾಡಿದರೂ, ಕೆಲಸದಲ್ಲಿ ಅನಿವಾರ್ಯವಾಗಿ ಮಾಡುವ ಭಾರಿ ದೈಹಿಕ ಶ್ರಮದಿಂದ ಅಂಥ ರಕ್ಷಣೆ ಸಿಗುವುದಿಲ್ಲ, ಅಪಾಯವೇ ಹೆಚ್ಚಿರಬಹುದು ಎಂದು ಡೆನ್ಮಾರ್ಕಿನ ಸಂಶೋಧಕರು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಬರೆದಿದ್ದಾರೆ. ತನ್ನ ವೇಗವನ್ನು ತಾನೇ ಗೊತ್ತುಮಾಡುವಂತಿಲ್ಲ, ದಣಿದಾಗ ನಿಲ್ಲುವಂತಿಲ್ಲ ಎಂಬುದೂ ಇದಕ್ಕೆ ಕಾರಣವಿರಬಹುದು. ಬಾರ್ನ್ ಹಿಲ್ಲಿನ ಒಂದು ಹೆಜ್ಜೆಯೂ ಟ್ರಾಲಿಯ ಹಿಂದಿನ ಒಂದು ಹೆಜ್ಜೆಯೂ ಒಂದೇ ಅಲ್ಲ. ಫಲಕ ಮಾತ್ರ ಎರಡನ್ನೂ ಒಂದೇ ಎಂದಿತು.

ಎರಡನೆಯ ತಪ್ಪನ್ನು ಬರೆಯುವುದು ಕಷ್ಟ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರೇ ಆದ ಸೋದರಿಯೊಬ್ಬರು ಮೊದಲ ಮೂರು ವಾರ ದಿನಕ್ಕೆ ಒಂಬತ್ತು ಸಾವಿರದ ಆಸುಪಾಸಿನಲ್ಲಿದ್ದರು. ನಾಲ್ಕನೆಯ ವಾರ ಅವರ ಅಂಕಿ ಒಂದೂವರೆ ಸಾವಿರಕ್ಕೆ ಇಳಿಯಿತು. ತಂಡದ ಸ್ಥಾನವೂ ಇಳಿಯಿತು. ನಾವು ಎಲ್ಲರೂ ಓದುವ ಗುಂಪಿನಲ್ಲಿ, "ಏನಮ್ಮ, ಬಂಡಿ ನಿಂತೇಹೋಯಿತೆ?" ಎಂದು ಬರೆದೆವು. ಉಳಿದವರು ನಗುವ ಮುಖಗಳನ್ನು ಸೇರಿಸಿದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ.

ಮರುದಿನ ಕ್ಲಿನಿಕ್ ಮುಗಿಯುವವರೆಗೆ ಅವರು ಬಾಗಿಲ ಹೊರಗೆ ಕಾದಿದ್ದರು. ಒಳಗೆ ಬಂದು, "ಸರ್, ನನಗೆ ಹುಷಾರಿಲ್ಲ. ಮನೆಯಲ್ಲಿ ಇನ್ನೂ ಅಮ್ಮನಿಗೂ ಹೇಳಿಲ್ಲ. ಇವತ್ತು ಬೆಳಗ್ಗೆಯಿಂದ ಆರು ಜನ ಏನಾಯಿತು ಅಂತ ಕೇಳಿದರು, ನಾನು ಆರು ಸುಳ್ಳು ಹೇಳಿದೆ" ಎಂದರು. ಅವರಿಗೆ ಆಗಿದ್ದೇನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರ ಸ್ವಂತದ್ದು. ಈಗ ಗುಣವಾಗಿದ್ದಾರೆ ಎಂದಷ್ಟೇ ಹೇಳಬಹುದು.

ರೋಗಿಯ ಹೆಸರನ್ನು ಲಿಫ್ಟಿನಲ್ಲಿ ಉಚ್ಚರಿಸಬಾರದೆಂದು ಕಿರಿಯ ವೈದ್ಯರನ್ನು ಗದರುವ ನಾವು, ಒಬ್ಬ ಹೆಣ್ಣುಮಗಳ ಕಾಯಿಲೆಯನ್ನು ಕ್ಯಾಂಟೀನಿನ ಗೋಡೆಗೆ ತೂಗುಹಾಕಿದ್ದೆವು. ಕಾಯಿಲೆಯ ಹೆಸರು ಅಲ್ಲಿರಲಿಲ್ಲ ನಿಜ, ಆದರೆ ಅದರ ನೆರಳಿತ್ತು. ಟ್ರಾಲಿ ತಳ್ಳುವವರ ವಿಷಯದಲ್ಲಿ ಅಂಕಿ ಹೇಳಬೇಕಾದ್ದನ್ನು ಹೇಳಲಿಲ್ಲ. ಈ ಸೋದರಿಯ ವಿಷಯದಲ್ಲಿ ಹೇಳಬಾರದ್ದನ್ನು ಹೇಳಿತು.

"ಅವರು ಒಪ್ಪಿಯೇ ಸೇರಿದ್ದರಲ್ಲ" ಎನ್ನಬಹುದು. ಎಲ್ಲರೂ ಫೋನಿನಲ್ಲಿ 'ಒಪ್ಪಿದೆ' ಎಂಬಲ್ಲಿ ಒತ್ತಿದ್ದರು. ಆದರೆ ಹಿರಿಯ ಡಾಕ್ಟರೊಬ್ಬರು ಮೇಜಿನ ಬಳಿ ಬಂದು ನಗುನಗುತ್ತಾ ಕೇಳಿದರೆ, ಇಲ್ಲ ಎನ್ನುವ ಗುಮಾಸ್ತರು ಎಷ್ಟು ಮಂದಿ? ಇಲ್ಲಿಯ 2018ರ ಮಾಹಿತಿ ರಕ್ಷಣಾ ಕಾಯಿದೆ ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಅದೇ ವರ್ಷದ ಆರಂಭದಲ್ಲಿ 'ಸ್ಟ್ರಾವಾ' ಆ್ಯಪ್ ಪ್ರಕಟಿಸಿದ್ದ ನಕಾಶೆಯಲ್ಲಿ ಸೈನಿಕರು ಓಡಿದ ದಾರಿಗಳಿಂದಲೇ ಅವರ ಶಿಬಿರಗಳ ಗುರುತು ಸಿಕ್ಕಿದ್ದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಹೆಜ್ಜೆ ಬರೀ ಹೆಜ್ಜೆಯಲ್ಲ ಎಂಬುದು ನಮಗೆ ಗೊತ್ತಿರಬೇಕಾಗಿತ್ತು. ಕಾಯಿದೆಯ ಮಾತು ಹಾಗಿರಲಿ, ಕೇಳುವವನ ಸ್ಥಾನ ಎತ್ತರದಲ್ಲಿದ್ದಾಗ ಕೊಡುವವರ ಒಪ್ಪಿಗೆಯನ್ನು ಪೂರ್ತಿ ಒಪ್ಪಿಗೆ ಎನ್ನಲಾಗದು.

ಹಾಗಾದರೆ ಎಣಿಸುವುದೇ ತಪ್ಪೆ? ನಮಗೆ ಹಾಗನಿಸುವುದಿಲ್ಲ. ಹೆಜ್ಜೆಮಾಪಕ ಕಟ್ಟಿಕೊಂಡವರು ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹೆಜ್ಜೆ ಹೆಚ್ಚಾಗಿ ನಡೆಯುತ್ತಾರೆಂದು 2007ರಲ್ಲೇ ಹಲವು ಅಧ್ಯಯನಗಳನ್ನು ಪರಿಶೀಲಿಸಿ ಕಂಡುಕೊಂಡಿದ್ದಾರೆ. ನಮ್ಮ ಸ್ಪರ್ಧೆಯಲ್ಲೇ, ಹೆಂಡತಿ ತೀರಿಕೊಂಡ ಮೇಲೆ ಮನೆಯಿಂದ ಹೊರಬೀಳದ ಸಹೋದ್ಯೋಗಿಯೊಬ್ಬರು, ಆ ಅಂಕಿಯ ನೆಪದಿಂದ ಸಂಜೆ ಹೊರಗೆ ಕಾಲಿಟ್ಟರು. ಅವರ ಮಟ್ಟಿಗೆ ಅಂಕಿ ಊರುಗೋಲಾಯಿತು.

ನಮ್ಮ ಅಜ್ಜಿ ಸೋಮವತಿ ಅಮಾವಾಸ್ಯೆಯಂದು ಅಶ್ವತ್ಥಕಟ್ಟೆಗೆ ನೂರೆಂಟು ಪ್ರದಕ್ಷಿಣೆ ಹಾಕುತ್ತಿದ್ದರು. ಸೆರಗಿನಲ್ಲಿ ಹುಣಿಸೆಬೀಜ ಕಟ್ಟಿಕೊಂಡು, ಒಂದು ಸುತ್ತಿಗೆ ಒಂದು ಬೀಜ ಕೆಳಗಿಡುತ್ತಿದ್ದರು. ಎಷ್ಟಾಯಿತೆಂದು ನಾವು ಮಕ್ಕಳು ಕೇಳಿದರೆ ಹೇಳುತ್ತಿರಲಿಲ್ಲ. ಹೇಳಿಕೊಂಡರೆ ಪುಣ್ಯ ಕರಗುತ್ತದೆ ಎಂದು ಅವರ ನಂಬಿಕೆ. ಲೆಕ್ಕವೇನೋ ಕಟ್ಟುನಿಟ್ಟು. ಆದರೆ ಅದು ಅವರ ಸೆರಗಿನಲ್ಲಿತ್ತು, ಗೋಡೆಯ ಮೇಲಿರಲಿಲ್ಲ. ಲೆಕ್ಕ ಇಡುವುದು ಬೇರೆ, ಲೆಕ್ಕ ಒಪ್ಪಿಸುವುದು ಬೇರೆ, ಲೆಕ್ಕ ಕೇಳುವುದು ಇನ್ನೂ ಬೇರೆ. ಮೊದಲನೆಯದರಲ್ಲಿದ್ದ ಹಿತ ಮೂರನೆಯದರಲ್ಲೂ ಇರುತ್ತದೆಂದು ನಾವು ಭಾವಿಸಿದ್ದೇ ತಪ್ಪಿನ ಮೂಲ.

ಮಾರಿಸರನ್ನೇ ನೋಡಿ. 1956ರಲ್ಲಿ ಅವರು ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನು ಪರಿಶೀಲಿಸಿ, ಕೆಲಸಕ್ಕೆ ಸೇರುವಾಗಲೇ ಚಾಲಕರ ಪ್ಯಾಂಟಿನ ಸೊಂಟ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತೆಂದು ತೋರಿಸಿದರು. ತಮ್ಮ ಹಿಂದಿನ ತೀರ್ಮಾನಕ್ಕೆ ತಾವೇ ಪ್ರಶ್ನೆ ಹಾಕಿಕೊಳ್ಳುವ ಪ್ರಾಮಾಣಿಕತೆ ಅದು. ಯಾವ ಚಾಲಕರ ಹೆಸರನ್ನೂ ಅವರು ಗೋಡೆಗೆ ಅಂಟಿಸಲಿಲ್ಲ. ಅವರು ಎಣಿಸಿದ್ದು ಕೆಲಸವನ್ನು. ನಾವು ಎಣಿಸಿದ್ದು ಕೆಲಸಗಾರರನ್ನು. ಕೆಲಸವನ್ನು ಎಣಿಸಿದರೆ, ಕೆಲಸ ಕೊಟ್ಟವರು ಉತ್ತರ ಹೇಳಬೇಕಾಗುತ್ತದೆ. ಕೆಲಸಗಾರರನ್ನು ಎಣಿಸಿದರೆ ಅವರೇ ತಪ್ಪಿತಸ್ಥರಂತೆ ನಿಲ್ಲುತ್ತಾರೆ.

ಐದನೆಯ ವಾರ ಫಲಕ ತೆಗೆಸಿದೆವು. ಆ ಸೋದರಿಯ ಕ್ಷಮೆಯನ್ನು ಖಾಸಗಿಯಾಗಿ ಕೇಳಿದೆವು. ಗುಂಪಿನಲ್ಲಿ ಕೇಳಿದ್ದರೆ ಅದೂ ಇನ್ನೊಂದು ಫಲಕವಾಗುತ್ತಿತ್ತು. ಅಂಕಿ ಅವರವರ ಬಳಿಯೇ ಇರಲಿ ಎಂದೆವು. ನಡೆಯಿರಿ ಎನ್ನುವ ಮೊದಲು ನಡೆಯಲು ಹೊತ್ತು ಕೊಡಬೇಕಲ್ಲವೆ? ಬುಧವಾರದ ನಮ್ಮ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ಅರ್ಧ ಗಂಟೆ ಯಾರಿಗೂ ಕೆಲಸ ಹೇಳುವುದಿಲ್ಲವೆಂದು ನಿಯಮ ಮಾಡಿಕೊಂಡೆವು. ಉಳಿದ ನಾಲ್ಕು ದಿನ ನಮ್ಮ ಕೈಯಲ್ಲಿಲ್ಲ. ಎಕ್ಸ್‌ರೇ ಕೋಣೆಯ ಹೊರಗಿನ ಕುರ್ಚಿಗೆ ಮೂರು ಪತ್ರ ಬರೆಯಬೇಕಾಯಿತು. ಕುರ್ಚಿ ಬಂತು. ಅದರಲ್ಲಿ ಹೆಚ್ಚು ಹೊತ್ತು ರೋಗಿಗಳ ಮನೆಯವರೇ ಕೂತಿರುತ್ತಾರೆ ಎಂದು ಪೋರ್ಟರ್ ಮೊನ್ನೆ ದೂರಿದರು. ಎರಡನೆಯ ಕುರ್ಚಿಗೆ ಪತ್ರ ಬರೆದಿದ್ದೇವೆ.

ಈಗ ಭಾನುವಾರಗಳಂದು ನಾವು ಕೆಲವರು ಕಿಂಗ್ಸ್‌ಬರಿ ಸ್ಟೇಷನ್ನಿನ ಬಳಿ ಸೇರಿ ಫ್ರೈಯೆಂಟ್ ಕಂಟ್ರಿ ಪಾರ್ಕಿನ ಹುಲ್ಲುಗಾವಲು ಹಾದು ಬಾರ್ನ್ ಹಿಲ್ ಹತ್ತುತ್ತೇವೆ. ನಿಧಾನವಾಗಿ ನಡೆಯುವವರ ವೇಗವೇ ಎಲ್ಲರ ವೇಗ. ಕೈಪಟ್ಟಿ ಕಟ್ಟಿಕೊಂಡವರಿಗೆ ಅಡ್ಡಿಯಿಲ್ಲ, ಅಂಕಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕಳೆದ ತಿಂಗಳು ಆ ಸೋದರಿಯೂ ಬಂದಿದ್ದರು. ಅರ್ಧ ದಾರಿಯಲ್ಲಿ ನಿಂತು, "ನೀವು ಹೋಗಿ ಬನ್ನಿ ಸರ್, ನಾನು ಇಲ್ಲೇ ಕೂತಿರುತ್ತೇನೆ" ಎಂದರು. ಏಕೆ ಎಂದು ಕೇಳಬೇಕೆಂದು ಬಾಯಿಗೆ ಬಂದಿತ್ತು, ವೈದ್ಯರ ಚಾಳಿ. ಕೇಳದೆ ಮುಂದೆ ನಡೆದೆವು.

ಬಳಗದ ಓದುಗರಲ್ಲಿ ಬೇರೆ ಅಭಿಪ್ರಾಯ ಇರುವವರು ಮುಂದಿನ ಸಂಚಿಕೆಗೆ ಬರೆದರೆ ನಮಗೆ ಸಂತೋಷ. ನಡೆದು ಬಂದು ಹೇಳಿದರೆ ಇನ್ನೂ ಸಂತೋಷ. ಎಷ್ಟು ಹೆಜ್ಜೆಯಾಯಿತೆಂದು ಕೇಳುವುದಿಲ್ಲ.