ಎರಡನೆಯ ಪ್ರಶ್ನೆ

ಅಪಘಾತದ ವಾರ್ಡಿನ ಹೊರಗೆ ಕಾದು ಕೂತವರ ಮೊದಲ ಪ್ರಶ್ನೆ, ‘ಜೀವಕ್ಕೇನೂ ತೊಂದರೆ ಇಲ್ಲವಲ್ಲ ಡಾಕ್ಟ್ರೇ?’ ಇಲ್ಲ ಎಂದಮೇಲೆ, ಎರಡು ದಿನ ಬಿಟ್ಟು, ತಗ್ಗಿದ ದನಿಯಲ್ಲಿ ಎರಡನೆಯದು ಬರುತ್ತದೆ: ‘ಮೊದಲಿನ ಹಾಗೆ ಓಡಾಡ್ತಾನಾ?’

ಮೊದಲನೆಯದಕ್ಕೆ ವೈದ್ಯರ ಬಳಿ ಲೆಕ್ಕವಿದೆ. ಅಮೆರಿಕದಲ್ಲಿ ಸೂಸಾನ್ ಬೇಕರ್ ಮತ್ತು ಸಂಗಡಿಗರು 1974ರಲ್ಲಿ ರೂಪಿಸಿದ್ದು. ಹೆಚ್ಚು ಪೆಟ್ಟಾದ ಮೂರು ಭಾಗಗಳ ಅಂಕಗಳನ್ನು ವರ್ಗ ಮಾಡಿ ಕೂಡಿಸಿದರೆ ಗಾಯದ ತೀವ್ರತೆ ಸಿಗುತ್ತದೆ; ಗರಿಷ್ಠ 75, ಹದಿನೈದು ದಾಟಿದರೆ ಭಾರಿ ಗಾಯ. ಉಳಿಯುತ್ತಾರೋ ಇಲ್ಲವೋ ಎಂದು ಊಹಿಸಲು ಈ ಅಂಕ ಒದಗುತ್ತದೆ. ಎರಡನೆಯ ಪ್ರಶ್ನೆಯ ಮುಂದೆ ತಡವರಿಸುತ್ತದೆ.

ಕಾಲು ನಜ್ಜುಗುಜ್ಜಾದ 569 ಜನರನ್ನು ಅಮೆರಿಕದ 8 ಟ್ರಾಮಾ ಕೇಂದ್ರಗಳು ಎರಡು ವರ್ಷ ಗಮನಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದವು. ಕಾಲು ತೆಗೆಸಿಕೊಂಡವರಿಗೂ ಆಪರೇಷನ್ ಮೇಲೆ ಆಪರೇಷನ್ ಮಾಡಿಸಿ ಉಳಿಸಿಕೊಂಡವರಿಗೂ ದಿನದ ಬದುಕಿನ ತೊಡಕು ಹೆಚ್ಚುಕಡಿಮೆ ಒಂದೇ ಆಗಿತ್ತು. ಎರಡೂ ಗುಂಪಿನಲ್ಲಿ ಕೆಲಸಕ್ಕೆ ಮರಳಿದವರು ಅರ್ಧದಷ್ಟು. ಹಿಂದೆ ಬಿದ್ದವರಲ್ಲಿ ಮತ್ತೆ ಮತ್ತೆ ಆಸ್ಪತ್ರೆ ಸೇರಿದವರಿದ್ದರು, ಸರಿ. ಬಡವರು, ಓದು ಕಡಿಮೆ ಇದ್ದವರು, ಖಾಸಗಿ ವಿಮೆಯಿಲ್ಲದವರು, ಕಷ್ಟಕ್ಕೆ ಆಗುವ ಜನ ಇಲ್ಲದವರೂ ಇದ್ದರು. ‘ನನ್ನ ಕೈಲಾಗುತ್ತೆ’ ಎಂಬ ನಂಬಿಕೆ ಕುಂದಿದವರೂ ಇದ್ದರು. ಇದ್ಯಾವುದೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಹಾಗಾಗಿ ಮನೆಯ ವಿಷಯವನ್ನು ವೈದ್ಯರು ಡಿಸ್ಚಾರ್ಜ್ ದಿನಕ್ಕೆ ಬಿಡದೆ, ಮೊದಲ ವಾರವೇ ಕೇಳಬೇಕು ಎನ್ನುತ್ತೇನೆ ನಾನು.

ಏಕೆಂದರೆ ಅಳತೆಗೋಲೂ ಮನೆ ನೋಡಿಯೇ ಹುಟ್ಟಿರುತ್ತದೆ. 1965ರಲ್ಲಿ ಪ್ರಕಟವಾದ ಬಾರ್ತೆಲ್ ಸೂಚ್ಯಂಕ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮೆಟ್ಟಿಲು ಹತ್ತುವುದು, ಶೌಚ ಎಂದು ಹತ್ತು ಕೆಲಸಗಳಿಗೆ ನೂರು ಅಂಕ ಇಡುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಊಟ ನೆಲದ ಮೇಲೆ, ಶೌಚ ಕುಕ್ಕರುಗಾಲಲ್ಲಿ. ತೊಡೆಯಲ್ಲಿ ರಾಡ್ ಇರುವ ಗಾರೆ ಕೆಲಸದವನಿಗೆ ಅಂಕ ಚೆನ್ನಾಗಿ ಬಂದರೂ ಮೊಣಕಾಲು ಮಡಚದೆ ಮನೆಯಲ್ಲಿ ಒಂದು ದಿನ ಕಳೆಯುವುದು ಕಷ್ಟ.

ಅಂಥ ಒಂದು ಮನೆಯ ಹಿತ್ತಿಲಲ್ಲಿ ನಾನು ಕಂಡದ್ದು: ಬಿಳಿ ಪ್ಲಾಸ್ಟಿಕ್ ಕುರ್ಚಿ, ಕೂರುವ ಜಾಗದಲ್ಲಿ ಕಾಯಿಸಿದ ಕಬ್ಬಿಣದಿಂದ ಕೊರೆದ ತೂತು, ಅಂಚು ಚುಚ್ಚದಿರಲೆಂದು ಸುತ್ತಿದ ಸೈಕಲ್ ಟ್ಯೂಬು. ತಮ್ಮ ಮಾಡಿಕೊಟ್ಟನಂತೆ. ಅಣ್ಣ ಅದರ ಕೈ ಹಿಡಿದು, ಯಾರನ್ನೂ ಕರೆಯದೆ, ಎದ್ದು ನಿಂತ.